ಟಿವಿ ದೊಡ್ಡದಿರಲಿ, ಚಿಕ್ಕದಿರಲಿ, ಮನೆಗೆ ಒಂದೇ ಇರಲಿ

ಮಾಧವರಂ (ಚೆನ್ನೈ): ಸಂಘದ ಮಾಸಿಕ ಸಭೆ ಮುಗಿದು ಕಾಫಿ ಲೋಟ ಹಿಡಿದು ನಿಂತಾಗ ಸದಸ್ಯರು ನನ್ನನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ. ಒಂದು, ಠೇವಣಿಗೆ ಈಗ ಬಡ್ಡಿ ಎಷ್ಟು ಎಂಬುದು. ಇನ್ನೊಂದು, ಇತ್ತೀಚೆಗೆ ಹೆಚ್ಚಾಗಿ ಕೇಳಿಬರುತ್ತಿರುವುದು, ಯಾವ ಟಿವಿ ಕೊಳ್ಳಬೇಕು ಎಂಬುದು. ನಾನು ಟಿವಿ ತಜ್ಞನಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಕಂತಿನಲ್ಲಿ ಸಾಮಾನು ಕೊಂಡು, ನಂತರ ಕೌಂಟರಿಗೆ ಬಂದು 'ಈ ಮುನ್ನೂರು ರೂಪಾಯಿ ಯಾಕೆ ಕಡಿತವಾಯಿತು ಸಾರ್' ಎಂದು ಕೇಳುವವರನ್ನು ಆಗಾಗ ನೋಡುತ್ತಿರುವುದರಿಂದಲೂ, ಕಳೆದ ವರ್ಷ ನಮ್ಮ ಮನೆಯಲ್ಲೇ ಈ ವಿಷಯವಾಗಿ ಒಂದು ತಿಂಗಳು ಚರ್ಚೆ ನಡೆದುದರಿಂದಲೂ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ನಮ್ಮ ಮನೆಯ ಹಳೆಯ ಟಿವಿ ಕೆಟ್ಟು ಕುಳಿತಾಗ ಎರಡು ಬೇಡಿಕೆಗಳು ಬಂದವು. ಕಾಲೇಜಿಗೆ ಹೋಗುವ ಮಗನಿಗೆ ಗೇಮ್ ಆಡಲು 55 ಅಂಗುಲದ್ದೇ ಬೇಕು, ಅದರಲ್ಲೂ 120 ಹರ್ಟ್ಸ್ ಇರಬೇಕು. ಎಪ್ಪತ್ತೆಂಟು ವರ್ಷದ ನನ್ನ ತಾಯಿಗೆ ಸಂಜೆ ಕನ್ನಡ ಧಾರಾವಾಹಿ, ಭಾನುವಾರ ಒಂದು ಹಳೆಯ ಸಿನಿಮಾ ಸಿಕ್ಕರೆ ಸಾಕು. ನನ್ನ ಕೈಯಲ್ಲಿದ್ದುದು ಇಪ್ಪತ್ತೈದು ಸಾವಿರ. ಪರಿಚಿತರು ಕೊಟ್ಟ ಸಲಹೆ ಒಂದೇ: 'ಮಗನಿಗೆ ಕಂತಿನಲ್ಲಿ ದೊಡ್ಡದು ಕೊಡಿಸಿ, ಅಮ್ಮನಿಗೆ ಒಳಕೋಣೆಯಲ್ಲಿ 32 ಅಂಗುಲದ್ದೊಂದು ಹಾಕಿಸಿ, ಜಗಳವೇ ಇರುವುದಿಲ್ಲ.' ಈ ಸಲಹೆ ತಪ್ಪು ಎಂಬುದೇ ಈ ಲೇಖನದ ತಾತ್ಪರ್ಯ.

ಮೊದಲು ಹಣದ ವಿಚಾರ. 2025ರ ಸೆಪ್ಟೆಂಬರ್ 22ರವರೆಗೆ 32 ಅಂಗುಲದವರೆಗಿನ ಟಿವಿಗೆ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 28 ಜಿಎಸ್‌ಟಿ ಇತ್ತು. ಅಂದಿನಿಂದ ಎಲ್ಲ ಅಳತೆಗೂ ಶೇ. 18 ಮಾತ್ರ. ತೆರಿಗೆ ಬಿಟ್ಟು 20,000 ರೂ. ಬೆಲೆಯ ದೊಡ್ಡ ಟಿವಿ ಹಿಂದೆ 25,600 ರೂ. ಆಗುತ್ತಿತ್ತು, ಈಗ 23,600 ರೂ. ಆಗಬೇಕು. ಹಾಗಾಗಿ 'ತೆರಿಗೆ ಕಡಿಮೆ ಇದೆ' ಎಂಬ ಒಂದೇ ಕಾರಣಕ್ಕೆ 32ಕ್ಕೆ ಅಂಟಿಕೊಳ್ಳುವ ಅಗತ್ಯ ಈಗ ಇಲ್ಲ. ಅಂಗಡಿಯವರು ತೋರಿಸುವ ಹಳೆಯ ಬೆಲೆಯ ಚೀಟಿಗಿಂತ ಬಿಲ್ಲಿನಲ್ಲಿ ತೆರಿಗೆಯ ಸಾಲನ್ನು ನೋಡುವುದು ಒಳ್ಳೆಯದು.

ಎರಡನೆಯದು 'ಬಡ್ಡಿರಹಿತ ಕಂತು'. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಆದರೂ ಆ ಮಾತು ಅಂಗಡಿಗಳ ಫಲಕದಿಂದ ಹೋಗಿಲ್ಲ. ಲೆಕ್ಕ ಹೀಗಿದೆ: ತಿಂಗಳಿಗೆ 2,000ದಂತೆ 12 ಕಂತು, ಒಟ್ಟು 24,000 ರೂ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ. 15 ಎಂದು ಹಿಡಿದರೆ, ಇದರಲ್ಲಿ ಅಸಲು ಸುಮಾರು 22,160 ರೂ. ಮಾತ್ರ, ಮಿಕ್ಕ 1,840 ಬಡ್ಡಿ. ಆ ಬಡ್ಡಿಯಷ್ಟನ್ನು ಮೊದಲೇ ರಿಯಾಯಿತಿ ಎಂದು ತೋರಿಸುತ್ತಾರೆ, ಅಷ್ಟೇ. ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಅಂದರೆ ಸುಮಾರು 330 ರೂ., ಬೇರೆಯಾಗಿ ಕಡಿತವಾಗುತ್ತದೆ. ಸಂಸ್ಕರಣಾ ಶುಲ್ಕವಿದ್ದರೆ ಅದು ಪ್ರತ್ಯೇಕ. ಎಲ್ಲಕ್ಕಿಂತ ಮುಖ್ಯವಾಗಿ, ರೊಕ್ಕ ಕೊಟ್ಟು ಕೊಳ್ಳುವವನು ಚೌಕಾಸಿ ಮಾಡಿ ಇಳಿಸಬಹುದಾದ ಹಣವೂ ಕೈತಪ್ಪುತ್ತದೆ. ಅದೇ 2,000ವನ್ನು ಹನ್ನೆರಡು ತಿಂಗಳು ಆರ್.ಡಿ. ಕಟ್ಟಿದರೆ ಶೇ. 6ರ ದರದಲ್ಲೂ ಸುಮಾರು 780 ರೂ. ಬಡ್ಡಿ ನಮಗೇ ಬರುತ್ತದೆ. ಕಂತು ಪಾಪವೆಂದು ನಾನು ಹೇಳುತ್ತಿಲ್ಲ. ಫ್ರಿಜ್ ಕೆಟ್ಟರೆ ಕಂತಿನಲ್ಲಾದರೂ ಕೊಳ್ಳಲೇಬೇಕು. ಟಿವಿ ಒಂದು ವರ್ಷ ಕಾಯಬಲ್ಲ ವಸ್ತು.

ಮೂರನೆಯದು ಟಿವಿಯ ಗುಣ. ಇಲ್ಲಿ ಮಗನಿಂದಲೇ ನಾನು ಬಹಳ ಕಲಿತೆ ಎಂಬುದನ್ನು ಒಪ್ಪಿಕೊಳ್ಳಬೇಕು. ರಿಚಿ ಸ್ಟ್ರೀಟ್‌ನಲ್ಲಿ ಇಬ್ಬರೂ ಎರಡು ಶನಿವಾರ ಸುತ್ತಿದೆವು. ಅವನ 120 ಹರ್ಟ್ಸ್ ಬೇಡಿಕೆಯನ್ನು ಅವನೇ ಕೈಬಿಟ್ಟ. ಕಾರಣ, ನಮ್ಮಲ್ಲಿರುವುದು ಗೆಳೆಯನಿಂದ ಕೊಂಡ ಹಳೆಯ ಪ್ಲೇಸ್ಟೇಷನ್ 4. ಅದು ಸೆಕೆಂಡಿಗೆ ಹೆಚ್ಚೆಂದರೆ 60 ಚಿತ್ರಗಳನ್ನು, 1080 ಸಾಲುಗಳ ಫುಲ್ ಎಚ್‌ಡಿಯಲ್ಲಿ ಕಳುಹಿಸುತ್ತದೆ. 4ಕೆ ಚಿತ್ರವನ್ನು 120 ಹರ್ಟ್ಸ್‌ನಲ್ಲಿ ಕಳುಹಿಸಲು ಪ್ಲೇಸ್ಟೇಷನ್ 5ರಂತಹ ಯಂತ್ರವೂ, ಎಚ್‌ಡಿಎಂಐ 2.1 ಕಿಂಡಿಯಿರುವ ಟಿವಿಯೂ ಎರಡೂ ಬೇಕು. ಒಂದಿದ್ದು ಒಂದಿಲ್ಲದಿದ್ದರೆ ಹೆಚ್ಚು ಕೊಟ್ಟ ಹಣ ದಂಡ. ಅಗ್ಗದ ಟಿವಿಗಳ ಪೆಟ್ಟಿಗೆಯ ಮೇಲೆ ಬರೆದಿರುವ 'ಮೋಷನ್ 120', 'ಮೋಷನ್ 200' ಮುಂತಾದವು ಎಷ್ಟೋ ಸಲ ಕಂಪನಿಗಳ ಜಾಹೀರಾತಿನ ಅಂಕಿಗಳು. ನಿಜವಾದ ಪರದೆಯ ವೇಗ 60 ಹರ್ಟ್ಸ್ ಆಗಿರುತ್ತದೆ. ಕೈಪಿಡಿಯಲ್ಲಿ 'ಪ್ಯಾನೆಲ್ ರಿಫ್ರೆಶ್ ರೇಟ್' ಎಂದಿರುವುದನ್ನೇ ನೋಡಬೇಕು.

ಗೇಮ್ ಆಡುವವರಿಗೆ ಇದಕ್ಕಿಂತ ಮುಖ್ಯವಾದುದು, ಗುಂಡಿ ಒತ್ತಿದ ಮೇಲೆ ಪರದೆಯಲ್ಲಿ ಅದು ಕಾಣಲು ಹಿಡಿಯುವ ವೇಳೆ. ಟಿವಿ ಚಿತ್ರವನ್ನು ಅಲಂಕರಿಸುತ್ತ ಕುಳಿತರೆ ಈ ವಿಳಂಬ ನೂರು ಮಿಲಿಸೆಕೆಂಡ್‌ನ ಹತ್ತಿರ ಹೋಗುವುದುಂಟು. 'ಗೇಮ್ ಮೋಡ್' ಹಾಕಿದರೆ ಅಲಂಕಾರವೆಲ್ಲ ನಿಂತು ವಿಳಂಬ ಬಹಳಷ್ಟು ಇಳಿಯುತ್ತದೆ. ಆದ್ದರಿಂದ ಗೇಮ್ ಮೋಡ್ ಇಲ್ಲದ ಟಿವಿಯನ್ನು ಯುವಕರಿರುವ ಮನೆಗೆ ತರಬಾರದು.

ಸಿನಿಮಾಕ್ಕೆ ಬೇಕಾದುದು ಬೇರೆ. ಸಿನಿಮಾ ತೆಗೆಯುವುದೇ ಸೆಕೆಂಡಿಗೆ 24 ಚಿತ್ರಗಳಲ್ಲಿ. ಟಿವಿಯಲ್ಲಿರುವ ಚಲನೆ ನಯಗೊಳಿಸುವ ಸೌಲಭ್ಯ ಚಾಲೂ ಇದ್ದರೆ ಡಾ. ರಾಜ್‌ಕುಮಾರ್ ಚಿತ್ರವೂ ಧಾರಾವಾಹಿಯಂತೆ ಕಾಣುತ್ತದೆ. ಅದನ್ನು ಆಫ್ ಮಾಡಿ, 'ಸಿನಿಮಾ' ಅಥವಾ 'ಮೂವಿ' ಮೋಡ್ ಇಡಬೇಕು. ಅಂಗಡಿಯಲ್ಲಿ ಎಲ್ಲ ಟಿವಿಗಳೂ 'ಡೈನಮಿಕ್' ಅಥವಾ 'ವಿವಿಡ್' ಮೋಡ್‌ನಲ್ಲಿ ಹೂವು, ಹಣ್ಣು, ಗಿಳಿ ತೋರಿಸುತ್ತಿರುತ್ತವೆ. ಪೆನ್‌ಡ್ರೈವ್‌ನಲ್ಲಿ ಕತ್ತಲೆಯ ದೃಶ್ಯವಿರುವ ನಿಮ್ಮದೇ ವಿಡಿಯೋ ಒಯ್ದು, ಮೋಡ್ ಬದಲಿಸಿ ನೋಡಿ. ಕಪ್ಪು ಕಪ್ಪಾಗಿ ಕಾಣುತ್ತದೋ ಬೂದಿಯಾಗಿ ಕಾಣುತ್ತದೋ ಎಂಬುದರಲ್ಲೇ ಅರ್ಧ ಪರೀಕ್ಷೆ ಮುಗಿಯಿತು. ವಿಎ ಪರದೆಯಲ್ಲಿ ಕಪ್ಪು ಚೆನ್ನಾಗಿರುತ್ತದೆ, ಐಪಿಎಸ್ ಪರದೆ ಪಕ್ಕದಿಂದ ನೋಡಿದರೂ ಬಣ್ಣ ಕಳೆದುಕೊಳ್ಳುವುದಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಕೂರುವ ಕುರ್ಚಿ ಗೋಡೆಯ ಬದಿಗೆ ಓರೆಯಾಗಿದೆ. ಆದ್ದರಿಂದ ನಾನು ಅಂಗಡಿಯಲ್ಲೂ ಓರೆಯಾಗಿ ನಿಂತೇ ನೋಡಿದೆ. ಸೇಲ್ಸ್‌ಮನ್ ನಕ್ಕ, ನಗಲಿ. 'ಎಚ್‌ಡಿಆರ್' ಎಂಬ ಮುದ್ರೆಗೆ ಕಡಿಮೆ ಬೆಲೆಯಲ್ಲಿ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಆ ಸಂಕೇತವನ್ನು ಟಿವಿ ಸ್ವೀಕರಿಸುತ್ತದೆ, ಆದರೆ ತೋರಿಸುವಷ್ಟು ಬೆಳಕು ಅದರ ಪರದೆಗೆ ಇರುವುದಿಲ್ಲ.

ಕೊನೆಗೆ ನಾವು ತಂದುದು 43 ಅಂಗುಲದ, 60 ಹರ್ಟ್ಸ್‌ನ ಒಂದು 4ಕೆ ಟಿವಿ. ಅಗಲ ಸುಮಾರು 95 ಸೆಂ.ಮೀ. ಏಳೆಂಟು ಅಡಿ ದೂರದಲ್ಲಿ 55 ಕೂಡ ಹೊಂದುತ್ತಿತ್ತು ಎಂಬ ಮಗನ ವಾದ ಸರಿಯೇ. ಆದರೆ ಅದೇ ಹಣಕ್ಕೆ ನಮಗೆ ಸಿಗುತ್ತಿದ್ದ 55, ಸೇವಾ ಕೇಂದ್ರ ಎಲ್ಲಿದೆ ಎಂದು ಅಂಗಡಿಯವರಿಗೇ ಗೊತ್ತಿಲ್ಲದ ಕಂಪನಿಯದಾಗಿತ್ತು. ಮಿಕ್ಕ ಹಣದಲ್ಲಿ ಮಗನಿಗೆ ಒಂದು ಹೆಡ್‌ಫೋನ್ ಬಂತು. ಇಡೀ ವ್ಯವಹಾರದಲ್ಲಿ ಅತ್ಯಂತ ಉಪಯುಕ್ತ ಖರೀದಿ ಅದೇ ಎಂದು ನನ್ನ ಹೆಂಡತಿಯ ಅಭಿಪ್ರಾಯ.

ಇನ್ನು ಎರಡು ಟಿವಿಯ ವಿಚಾರ. ತಮಿಳುನಾಡು ಸರಕಾರ 2006ರಲ್ಲಿ ಉಚಿತ ಬಣ್ಣದ ಟಿವಿ ಹಂಚಲು ಆರಂಭಿಸಿದಾಗ ಕೊಟ್ಟದ್ದು 14 ಅಂಗುಲದ ಪೆಟ್ಟಿಗೆ. ಅದರ ಮುಂದೆ ಇಡೀ ಮನೆ, ಪಕ್ಕದ ಮನೆಯೂ ಸೇರಿ ಕೂರುತ್ತಿತ್ತು. ಇಂದು ಮನೆಯಲ್ಲಿ ನಾಲ್ಕು ಜನ, ಐದು ಪರದೆ. ಕರ್ನಾಟಕದಲ್ಲಿರುವವರಿಗೆ ಇದರಿಂದ ಭಾಷೆಗೆ ನಷ್ಟವಿಲ್ಲ, ಬೀದಿಯಲ್ಲಿ ಕನ್ನಡವಿದೆ. ಮಾಧವರಂನಲ್ಲಿ ನಮ್ಮ ಮಕ್ಕಳಿಗೆ ಶಾಲೆ ಇಂಗ್ಲಿಷ್, ಆಟದ ಬಯಲು ತಮಿಳು, ಗೇಮ್ ಮತ್ತೆ ಇಂಗ್ಲಿಷ್. ತಮಿಳು ನಮಗೆ ಅನ್ನ ಕೊಟ್ಟ ಭಾಷೆ, ಅದರ ಬಗ್ಗೆ ದೂರಿಲ್ಲ. ಆದರೆ ನನ್ನ ಮಗ ಕನ್ನಡ ಕೇಳುವುದು ಎರಡೇ ಕಡೆಯಿಂದ: ಅಜ್ಜಿಯ ಬಾಯಿಂದ, ಅಜ್ಜಿ ನೋಡುವ ಟಿವಿಯಿಂದ. ಅವೆರಡನ್ನೂ ಒಳಕೋಣೆಗೆ ಕಳುಹಿಸಿ ಬಾಗಿಲು ಮುಂದೆ ಮಾಡಿದರೆ ನಾನು ಉಳಿಸುವುದು ಜಗಳವನ್ನು, ಕಳೆಯುವುದು ಭಾಷೆಯನ್ನು.

ಇದು ಬರೀ ಭಾವನೆಯ ಮಾತಲ್ಲ. ತಾಯಿಗೆ ಕಿವಿ ಸ್ವಲ್ಪ ಮಂದ. ಧಾರಾವಾಹಿಯಲ್ಲಿ 'ಅವನು ಏನಂದ?' ಎಂದು ಕೇಳುತ್ತಾರೆ. ಮಗ ಮೊಬೈಲ್ ಒತ್ತುತ್ತಲೇ ಉತ್ತರ ಹೇಳುತ್ತಾನೆ. ಹೇಳಬೇಕಾದರೆ ಅವನಿಗೆ ಅರ್ಥವಾಗಿರಬೇಕು, ಕನ್ನಡದಲ್ಲೇ ಹೇಳಬೇಕು. ಒಮ್ಮೆ 'ಮುನಿಸು' ಎಂದರೇನು ಎಂದು ಅವನೇ ಅಜ್ಜಿಯನ್ನು ಕೇಳಿದ. ಸಂಘದಲ್ಲಿ ನಾವು ಬೇಸಿಗೆ ಕನ್ನಡ ತರಗತಿ ನಡೆಸುವಾಗ ಇಂತಹ ಒಂದು ಪ್ರಶ್ನೆ ಬರಲು ಎಷ್ಟು ವಾರ ಬೇಕು ಎಂಬುದು ಪಾಠ ಹೇಳಿದವರಿಗೆ ಗೊತ್ತು.

ಜಗಳ ಇಲ್ಲವೆಂದಲ್ಲ. ಏಳರಿಂದ ಒಂಬತ್ತು ಅಮ್ಮನದು, ಆಮೇಲೆ ಹೆಡ್‌ಫೋನ್ ಹಾಕಿ ಮಗನದು ಎಂದು ಮಾಡಿದ ವೇಳಾಪಟ್ಟಿ ಪರೀಕ್ಷೆಯ ದಿನಗಳಲ್ಲೂ ಕ್ರಿಕೆಟ್ ಇರುವ ದಿನಗಳಲ್ಲೂ ಮುರಿಯುತ್ತದೆ. ತೀರ ಚಿಕ್ಕ ಮನೆಯಲ್ಲಿ ರೋಗಿಗಳಿದ್ದರೆ, ರಾತ್ರಿ ಪಾಳಿ ಮಾಡುವವರಿದ್ದರೆ ನನ್ನ ಸಲಹೆ ನಡೆಯದಿರಬಹುದು. ಅಂತಹವರನ್ನು ನಾನು ಆಕ್ಷೇಪಿಸುವುದಿಲ್ಲ.

ಸದಸ್ಯ ಬಾಂಧವರು ಇನ್ನೊಂದು ಅಂಶವನ್ನು ಗಮನಿಸಬೇಕು. ಟಿವಿ ಬಂದ ಮಾತ್ರಕ್ಕೆ ಕನ್ನಡ ಬರುವುದಿಲ್ಲ. 1994ರಲ್ಲಿ ಆರಂಭವಾದ ಉದಯ ಟಿವಿ ಚೆನ್ನೈನ ಸನ್ ಸಮೂಹದ್ದೇ ಆದರೂ ನಮ್ಮ ಬೀದಿಯ ಕೇಬಲ್‌ನ ಸಾಮಾನ್ಯ ಪ್ಯಾಕ್‌ನಲ್ಲಿ ಅದು ಇರಲಿಲ್ಲ. 'ಕನ್ನಡ ಬರುವುದಿಲ್ಲ ಸಾರ್' ಎಂಬ ಉತ್ತರ ಕೇಳಿ ಹಿಂತಿರುಗಬೇಡಿ. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಟ್ರಾಯ್ ನಿಯಮದಂತೆ ಪ್ಯಾಕ್ ಹೊರತಾಗಿ ಬಿಡಿ ವಾಹಿನಿಗಳನ್ನು ಆರಿಸಿಕೊಳ್ಳುವ ಹಕ್ಕು ಗ್ರಾಹಕರಿಗಿದೆ. ಕೇಬಲ್‌ನವರು ಆ ವಾಹಿನಿಯನ್ನು ತರುತ್ತಿಲ್ಲವಾದರೆ ಡಿಟಿಎಚ್ ಇದೆ. ತಿಂಗಳ ಬಾಡಿಗೆಯೇ ಬೇಡ ಎನ್ನುವವರಿಗೆ ದೂರದರ್ಶನದ ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಬರುತ್ತದೆ. ಇಂಟರ್‌ನೆಟ್‌ನಲ್ಲಿ ಸಿನಿಮಾ ನೋಡುವವರು ಭಾಷೆಯ ಪಟ್ಟಿಯಲ್ಲಿ ಕನ್ನಡವನ್ನು ತಾವೇ ಆರಿಸಬೇಕು. 2022ರಲ್ಲಿ 'ಕಾಂತಾರ' ಬಂದಾಗ ಇಲ್ಲಿ ನಮ್ಮವರೇ ಎಷ್ಟೋ ಜನ ಅದನ್ನು ತಮಿಳಿನಲ್ಲಿ ನೋಡಿ ಬಂದರು. ಮನೆಯ ಟಿವಿಯಲ್ಲಿ ಆ ಅನಿವಾರ್ಯತೆ ಇಲ್ಲ, ರಿಮೋಟಿನ ಎರಡು ಗುಂಡಿ ಒತ್ತಿದರಾಯಿತು.

ಸಂಘದ ಕಾರ್ಯಕಾರಿ ಸಮಿತಿಗೂ ಒಂದು ವಿನಂತಿ. ಯಾವ ಬಡಾವಣೆಯಲ್ಲಿ ಯಾವ ಕನ್ನಡ ವಾಹಿನಿ ಹೇಗೆ ಸಿಗುತ್ತದೆ ಎಂಬುದನ್ನು ಸದಸ್ಯರಿಂದಲೇ ಕೇಳಿ ಒಂದು ಪುಟದ ಪಟ್ಟಿ ಮಾಡಿ ಹಂಚಿದರೆ ರಾಜ್ಯೋತ್ಸವದ ಒಂದು ಭಾಷಣಕ್ಕಿಂತ ಹೆಚ್ಚಿನ ಉಪಕಾರವಾದೀತು. ಮಾಧವರಂ ಮಟ್ಟಿಗೆ ಆ ಪಟ್ಟಿ ಬರೆದುಕೊಡಲು ನಾನು ಸಿದ್ಧನಿದ್ದೇನೆ. ಟಿವಿ ಕೊಳ್ಳಹೊರಟವರು ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು ಸಭೆಯ ದಿನ ಅದನ್ನು ತನ್ನಿ, ಕಾಫಿ ಆರುವುದರೊಳಗೆ ಲೆಕ್ಕ ಮಾಡಿ ಕೊಡುತ್ತೇನೆ.