ಕೆರೆ ಕಟ್ಟಿಸಿದ ಯೋಗಿಯ ಜಾತ್ರೆ

ಸಂಕ್ರಮಣ ಸಮೀಪಿಸಿತೆಂದರೆ ನಮ್ಮ ಭಾಗದ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯದು. ಇನ್ನೊಂದು, ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಯಾವ ದಿನ ಹೊರಡಬೇಕೆಂಬುದು. ಅಕ್ಕಲಕೋಟೆ, ಜತ್ತ, ವಿಜಾಪುರ, ಕಲಬುರ್ಗಿಯ ಕಡೆಗಳಿಂದ ಜನರು ನೆರೆಯುವ ಈ ಜಾತ್ರೆಯನ್ನು ಕಾಣದ ವಾಚಕರು ನಮ್ಮಲ್ಲಿ ವಿರಳ. ಆದರೂ ಈ ತಿಂಗಳು ಅದರ ವಿಷಯವಾಗಿಯೇ ನಾಲ್ಕು ಮಾತು ಬರೆಯಲು ಕಾರಣವುಂಟು.

ಕಳೆದ ವರ್ಷ ನಾವು ಶಾಲೆಯ ಮಕ್ಕಳನ್ನು ಜಾತ್ರೆಗೆ ಕರೆದೊಯ್ದಿದ್ದೆವು. ದರ್ಶನ ಮುಗಿಸಿ ಕೆರೆಯ ದಂಡೆಯ ಮೇಲೆ ಬುತ್ತಿ ಬಿಚ್ಚಿದಾಗ ಐದನೆಯ ಇಯತ್ತೆಯ ಹುಡುಗನೊಬ್ಬನು ಕೇಳಿದನು: "ಗುರೂಜಿ, ಸಿದ್ಧರಾಮ ದೇವರಾಗಿದ್ನಲ್ರೀ, ಮತ್ತ ಕೆರಿ ಯಾಕ ಅಗಿಸಿದ? ಒಮ್ಮೆ ಕೈ ಎತ್ತಿದ್ರ ನೀರು ಬರ್ತಿರಲಿಲ್ಲೇನ್ರಿ?" ಮೂವತ್ತು ವರ್ಷ ಪಾಠ ಹೇಳಿದ ನಮ್ಮಲ್ಲಿ ಆ ಕ್ಷಣಕ್ಕೆ ಉತ್ತರವಿರಲಿಲ್ಲ. "ಮೊದಲು ಉಣ್ಣು, ಆಮೇಲೆ ಹೇಳುತ್ತೇನೆ" ಎಂದು ಜಾರಿಕೊಂಡೆವು. ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ.

ಸೊಲ್ಲಾಪುರದ ಹಳೆಯ ಹೆಸರು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಮುದ್ದಗೌಡ ಮತ್ತು ಸುಗ್ಗಲೆಯರ ಮಗನಾಗಿ ಸಿದ್ಧರಾಮನು ಇಲ್ಲಿ ಜನಿಸಿದನು. ಆತನ ಬಾಲ್ಯದ ಕಥೆಯನ್ನು ರಾಘವಾಂಕ ಕವಿಯು 'ಸಿದ್ಧರಾಮ ಚಾರಿತ್ರ'ದಲ್ಲಿ ಹೇಳಿದ್ದಾನೆ. ಹೊಲ ಕಾಯುತ್ತಿದ್ದ ಹುಡುಗನ ಬಳಿಗೆ ಶ್ರೀಶೈಲದ ಮಲ್ಲಯ್ಯನು ಜಂಗಮನ ವೇಷದಲ್ಲಿ ಬಂದು ಎಳೆಯ ತೆನೆಯನ್ನು ಬೇಡಿದನಂತೆ. ಹುಡುಗನು ತೆನೆಯನ್ನು ಸುಟ್ಟು ಕೊಟ್ಟನು. ತಿಂದ ಅತಿಥಿಯು ಒಡಲುರಿಯೆಂದು ಮಜ್ಜಿಗೆಯನ್ನು ಬಯಸಿದನು. ಹುಡುಗನು ಮನೆಗೆ ಓಡಿ ತಾಯಿಯಿಂದ ಅದನ್ನು ತರುವಷ್ಟರಲ್ಲಿ ಅತಿಥಿಯು ಮಾಯವಾಗಿದ್ದನು. ಪುಷ್ಯಮಾಸದಲ್ಲಿ ಹೊಲದ ಬದುವಿನಲ್ಲಿ ಕುಳಿತು ಸೀತನಿ ತಿನ್ನುವ ನಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಮಲ್ಲಯ್ಯಾ" ಎಂದು ಅಳುತ್ತಾ ಹುಡುಗನು ಯಾತ್ರಿಕರೊಡನೆ ಶ್ರೀಶೈಲಕ್ಕೆ ನಡೆದನು. ಅಲ್ಲಿ ಲಿಂಗವನ್ನು ತೋರಿಸಿದರೆ ಆತನಿಗೆ ಸಮಾಧಾನವಾಗಲಿಲ್ಲ. ತನ್ನೊಡನೆ ಮಾತನಾಡಿ ತೆನೆ ತಿಂದ ಮಲ್ಲಯ್ಯನೇ ಆತನಿಗೆ ಬೇಕಾಗಿದ್ದನು. ಹತಾಶನಾಗಿ ಕೊಳ್ಳಕ್ಕೆ ಹಾರುವಾಗ ಮಲ್ಲಿಕಾರ್ಜುನನೇ ಕೈಹಿಡಿದು ಎತ್ತಿದನೆಂದು ಕಥೆ ಹೇಳುತ್ತದೆ. ಮರಳಿ ಬಂದ ಸಿದ್ಧರಾಮನು ಸೊನ್ನಲಿಗೆಯಲ್ಲಿ ಗುಡಿಯನ್ನು ಕಟ್ಟಿಸಿದನು. ಊರಿನ ಸುತ್ತ ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನು. ಜನರನ್ನು ಕೂಡಿಸಿ ಕೆರೆಯನ್ನು ಅಗಿಸಿದನು. ಇಂದಿಗೂ ಗುಡಿಯು ಆ ಕೆರೆಯ ನೀರಿನ ನಡುವೆಯೇ ನಿಂತಿದೆ; ಮಗ್ಗುಲಲ್ಲಿ ಹಳೆಯ ಕೋಟೆಯಿದೆ. ಯೋಗಿಯ ಸಮಾಧಿಯೂ ಗುಡಿಯ ಆವರಣದಲ್ಲಿಯೇ ಇದೆ.

ಕೆರೆಯ ಕೆಲಸ ನಡೆದಿದ್ದಾಗ ಅಲ್ಲಮಪ್ರಭುಗಳು ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಅವರು ಸಿದ್ಧರಾಮನನ್ನು ಒಡ್ಡನೆಂದು ಕರೆದರು. ಅದನ್ನು ಕೇಳಿ ಕೆಲಸದವರು ಸಿಟ್ಟಾಗಿ ಕಲ್ಲು ತೂರಿದರು. ಅನಂತರ ನಡೆದ ಸಂವಾದದಲ್ಲಿ ಹೊರಗಿನ ಗುಡಿ ಕೆರೆಗಳಷ್ಟೇ ಸಾಲವು, ಒಳಗಿನ ಅರಿವೂ ಬೇಕೆಂಬುದನ್ನು ಸಿದ್ಧರಾಮನು ಮನಗಂಡನು. ಕಲ್ಯಾಣಕ್ಕೆ ತೆರಳಿ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದನು. 'ಕಪಿಲಸಿದ್ಧ ಮಲ್ಲಿಕಾರ್ಜುನ' ಎಂಬ ಅಂಕಿತದಲ್ಲಿ ಆತನ ಸಾವಿರಕ್ಕೂ ಮಿಕ್ಕಿದ ವಚನಗಳು ನಮಗೆ ಉಳಿದು ಬಂದಿವೆ.

ಇನ್ನು ಜಾತ್ರೆಯ ಮಾತು. ಇದರ ಹಿಂದೆ ಕುಂಬಾರರ ಕನ್ಯೆಯೊಬ್ಬಳ ಐತಿಹ್ಯವಿದೆ. ದಿನವೂ ಯೋಗಿಯ ಅಂಗಳಕ್ಕೆ ರಂಗವಲ್ಲಿ ಹಾಕುತ್ತಿದ್ದ ಆಕೆಯು ಆತನನ್ನೇ ವರಿಸಲು ಬಯಸಿದಳು. ತಾನು ಮಲ್ಲಿಕಾರ್ಜುನನಿಗೆ ಸಂದವನೆಂದು ಹೇಳಿದ ಸಿದ್ಧರಾಮನು ತನ್ನ ಯೋಗದಂಡದೊಡನೆ ವಿವಾಹವಾಗಲು ಸಮ್ಮತಿಸಿದನು. ಆ ದಂಡದ ಪ್ರತೀಕವಾಗಿ ಏಳು ಎತ್ತರದ ನಂದಿಧ್ವಜಗಳು ಮೆರವಣಿಗೆ ಹೊರಡುತ್ತವೆ. ಭೋಗಿಯ ದಿನ ಅವು ಅರುವತ್ತೆಂಟು ಲಿಂಗಗಳನ್ನು ಸಂದರ್ಶಿಸುತ್ತವೆ, ಅಲ್ಲಿ ತೈಲಾಭಿಷೇಕವಾಗುತ್ತದೆ. ಸಂಕ್ರಮಣದಂದು ಸಮ್ಮತಿ ಕಟ್ಟೆಯ ಬಳಿ ಅಕ್ಷತೆಯ ಸಮಾರಂಭ. ಮುಂದಿನ ದಿನಗಳಲ್ಲಿ ಹೋಮ, ಮದ್ದಿನ ಶೋಭೆ, ಕೊನೆಗೆ ನಂದಿಧ್ವಜಗಳ ವಸ್ತ್ರ ಕಳಚುವ ಕಪ್ಪಡಕಳ್ಳಿ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಆ ಭಾರವಾದ ಧ್ವಜಗಳನ್ನು ಸರದಿಯಂತೆ ಹೊರುತ್ತಾರೆ. ಒಂದೊಂದು ಧ್ವಜದ ಮಾನವು ಒಂದೊಂದು ಮನೆತನಕ್ಕೆ ಅಥವಾ ಸಮಾಜಕ್ಕೆ ಸಲ್ಲುತ್ತದೆ. ಕನ್ನಡಿಗರು, ಮರಾಠಿಗರು, ತೆಲುಗು ನೇಕಾರರು ಎಲ್ಲರೂ "ಭಕ್ತಲಿಂಗ ಹರ್ರ ಬೋಲಾ ಹರ್ರ" ಎಂದು ಒಂದೇ ಕಂಠದಿಂದ ಘೋಷಿಸುವಾಗ ಯಾರ ಮನೆಮಾತು ಯಾವುದೆಂದು ಯಾರೂ ಕೇಳುವುದಿಲ್ಲ.

ಹುಡುಗನ ಪ್ರಶ್ನೆಗೆ ನಮಗೆ ಈಗ ತೋಚುವ ಉತ್ತರವಿಷ್ಟು. ದೇವರು ಸಿದ್ಧರಾಮನ ಬಳಿಗೆ ಹಸಿದವನಾಗಿ, ಬಾಯಾರಿದವನಾಗಿ ಬಂದಿದ್ದನು. ಮಜ್ಜಿಗೆ ತರುವುದರೊಳಗೆ ಆ ಅತಿಥಿ ಹೊರಟುಹೋದ ನೋವು ಆತನಿಗೆ ಮರೆತಿರಲಾರದು. ನಮ್ಮದು ಮಳೆ ಕೈಕೊಡುವ ಸೀಮೆ. ಇಲ್ಲಿ ಬಾಯಾರಿ ಬಂದ ಯಾವನೇ ಆಗಲಿ, ಆತನು ಮಲ್ಲಯ್ಯನಿರಬಹುದು. ಪವಾಡದ ನೀರು ಒಬ್ಬನ ದಾಹಕ್ಕೆ ಸಾಕಾದೀತು. ಹತ್ತು ಜನರು ಕೂಡಿ ಅಗೆದ ಕೆರೆಯು ಅವರ ಮೊಮ್ಮಕ್ಕಳಿಗೂ ನೀರುಣಿಸುತ್ತದೆ. ಅದೂ ಪೂಜೆಯೇ. ಹಾಗಿರುವಾಗ ಆ ಕೆರೆಗೆ ನಿರ್ಮಾಲ್ಯವನ್ನೂ ಎಲೆಯನ್ನೂ ಎಸೆದು ಬರುವ ನಾವು ಎಂಥ ಭಕ್ತರು?

ಇನ್ನೊಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತೇವೆ. ನಮ್ಮ ಮಗಳ ಮಗನು ನಗರದ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಾನೆ. ಜಾತ್ರೆಯಿಂದ ಬಂದ ರಾತ್ರಿ ಸಿದ್ಧರಾಮನ ವಚನಗಳ ಪುಸ್ತಕವನ್ನು ಆತನ ಕೈಗಿತ್ತೆವು. ಎರಡು ಹಾಳೆ ತಿರುವಿ, "ಅಜ್ಜಾ, ನೀವೇ ಓದ್ರಿ, ನನಗ ಬರೂದಿಲ್ಲ" ಎಂದು ಮರಳಿ ಕೊಟ್ಟನು. ಕನ್ನಡ ಶಾಲೆಯ ಮುಖ್ಯಾಧ್ಯಾಪಕರ ಮನೆಯಲ್ಲಿ ಈ ಮಾತು! ಯಾರನ್ನು ದೂರೋಣ? ಮಗುವಿಗೆ ಅಕ್ಷರ ಕಲಿಸಲು ನಮಗೆ ಸರಕಾರದ ಅಪ್ಪಣೆ ಬೇಕಿರಲಿಲ್ಲ. ಸಂಜೆಯ ಅರ್ಧ ತಾಸು ಸಾಕಾಗಿತ್ತು. ಮರಾಠಿ ನಮಗೆ ಪರಕೀಯವಲ್ಲ. ಅದು ನಾವು ಬಾಳುವ ನೆಲದ ಭಾಷೆ, ಮಕ್ಕಳು ಚೆನ್ನಾಗಿ ಕಲಿಯಲಿ. ಆದರೆ ವರ್ಷಕ್ಕೊಮ್ಮೆ ಆ ಯೋಗಿಯ ಹೆಸರನ್ನು ಕೂಗಿ, ಆತನು ನುಡಿದುದನ್ನು ಓದಲಾರದೆ ಹೋದರೆ, ನಮ್ಮ ಜಾತ್ರೆ ತೊಟ್ಟಿಲು–ತಮಾಷೆಗಳಲ್ಲಿಯೇ ಮುಗಿದಂತೆ.

ಆ ರಾತ್ರಿಯಿಂದ ಮೊಮ್ಮಗನು ಬಂದಾಗಲೆಲ್ಲ ಅರ್ಧ ತಾಸು ಪಾಟಿಯ ಮೇಲೆ ಅಕ್ಷರ ತಿದ್ದುತ್ತಾನೆ. ಈಗ ಒತ್ತಕ್ಷರಗಳವರೆಗೆ ಬಂದಿದ್ದಾನೆ. 'ಸಿದ್ಧರಾಮ' ಎಂದು ತಪ್ಪಿಲ್ಲದೆ ಬರೆಯುತ್ತಾನೆ. ಓದುಗರ ಮನೆಗಳಲ್ಲಿಯೂ ಈ ಸಂಕ್ರಮಣದಿಂದ ವಾರಕ್ಕೊಂದು ವಚನವಾದರೂ ಮಕ್ಕಳ ಬಾಯಿಂದ ಕೇಳಿಬರಲಿ.

ಜಾತ್ರೆಗೆ ಈ ಸಲವೂ ಮಕ್ಕಳೊಡನೆ ಹೊರಡುತ್ತೇವೆ. ಪ್ರಶ್ನೆ ಕೇಳಿದ ಹುಡುಗನು ಈಗ ಆರನೆಯ ಇಯತ್ತೆಯಲ್ಲಿದ್ದಾನೆ. ಅದೇ ದಂಡೆಯ ಮೇಲೆ ಬುತ್ತಿ ಬಿಚ್ಚಿ, ಈ ಬಾರಿ ಊಟಕ್ಕೆ ಮೊದಲೇ ಆತನಿಗೆ ಉತ್ತರ ಹೇಳಬೇಕಾಗಿದೆ.