ಮೂರನೆಯ ರಂಧ್ರ

ಕಳೆದ ಮಳೆಗಾಲದಲ್ಲಿ ಹಳ್ಳಿಯಿಂದ ಒಬ್ಬ ವೃದ್ಧರು ನಮ್ಮ ಕಚೇರಿಗೆ ಬಂದಿದ್ದರು. ಅವರ ಹಿರಿಯ ಮಗನು ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು, ನೀರೆತ್ತುವ ಪಂಪಿನ ಲೋಹದ ಮೈಯನ್ನು ಮುಟ್ಟಿದೊಡನೆಯೇ ಅಸುನೀಗಿದ್ದನು. ಪಂಪು ಹೊಸದು, ತಂತಿ ಹೊಸದು, ಗೋಡೆಯಲ್ಲಿದ್ದ ಮೂರು ರಂಧ್ರಗಳ ಸಾಕೆಟ್ಟೂ ಹೊಸದು. ಪರೀಕ್ಷೆಗೆ ಬಂದವರು ಆ ಸಾಕೆಟ್ಟನ್ನು ಬಿಚ್ಚಿ ನೋಡಲಾಗಿ, ಮೇಲ್ಗಡೆಯ ದೊಡ್ಡ ರಂಧ್ರದ ಹಿಂದೆ ತಂತಿಯೇ ಇರಲಿಲ್ಲ. “ವಕೀಲ ಸಾಹೇಬ್ರ, ಮೂರೂ ತೂತು ಇದ್ದುವಲ್ಲರೀ, ಮತ್ತೇನು ಕಡಿಮಿ ಬಿತ್ರೀ?” ಎಂದು ಆ ಹಿರಿಯರು ಕೇಳಿದರು. ಕಾನೂನಿನ ಪುಸ್ತಕಗಳನ್ನು ಬೆನ್ನಿಗಿಟ್ಟುಕೊಂಡು ಕುಳಿತಿದ್ದ ನಮಗೆ ಒಡನೆಯೇ ಉತ್ತರ ಹೇಳಲಾಗಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ.

ಬೀದಿಯಲ್ಲಿ ಹರಿದು ಬಿದ್ದ ತಂತಿಯಿಂದ ಯಾರಾದರೂ ಸತ್ತರೆ ಹಾದಿ ಸ್ಪಷ್ಟವಾಗಿದೆ. ಮಧ್ಯಪ್ರದೇಶದ ವಿದ್ಯುತ್ ಮಂಡಳಿಯ ಮೊಕದ್ದಮೆಯೊಂದರಲ್ಲಿ 2002ನೆಯ ಇಸವಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಇಂತಹ ಅಪಾಯಕರ ವಸ್ತುವನ್ನು ಸಾಗಿಸುವವರು ತಮ್ಮಿಂದ ಅಲಕ್ಷ್ಯವಾಗದಿದ್ದರೂ ಹೊಣೆಗಾರರೇ ಎಂದು ತೀರ್ಪಿತ್ತಿತು. ಆದರೆ ಮೀಟರಿನಿಂದ ಒಳಗಿನ ತಂತಿಗಳ ಯೋಗಕ್ಷೇಮ ಮನೆಯವನದು. ಅಲ್ಲಿ ಸತ್ತವನ ತಂದೆಯು ಯಾರ ಮೇಲೆ ದಾವೆ ಹೂಡಬೇಕು? ನಿಯಮವಿಲ್ಲವೆಂದಲ್ಲ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 61ನೆಯದು ಭೂಸಂಪರ್ಕವನ್ನೇ ಕುರಿತದ್ದು. ಆ ಬಳಿಕ 2010ರಲ್ಲಿಯೂ 2023ರಲ್ಲಿಯೂ ಹೊಸ ಸುರಕ್ಷತಾ ನಿಯಮಗಳು ಹೊರಬಿದ್ದಿವೆ. ಕನ್ನಡ ನಾಡು ಒಂದಾದ ವರ್ಷದಲ್ಲಿಯೇ ಹುಟ್ಟಿದ ನಿಯಮವು ಇಂದಿಗೂ ಕನ್ನಡಿಗನ ಬಚ್ಚಲುಮನೆಯನ್ನು ಮುಟ್ಟಿಲ್ಲವೆಂಬುದೇ ನಮ್ಮ ಆಕ್ಷೇಪ. ದೇಶದಲ್ಲಿ 2021ರ ಒಂದು ವರ್ಷದಲ್ಲಿಯೇ ಹನ್ನೆರಡು ಸಾವಿರಕ್ಕೂ ಮಿಕ್ಕಿ ಜನರು ವಿದ್ಯುದಾಘಾತದಿಂದ ಮಡಿದರೆಂದು ಸರಕಾರದ ಲೆಕ್ಕವೇ ಹೇಳುತ್ತದೆ.

ಹಾಗಾದರೆ ಆ ಮೂರನೆಯ ರಂಧ್ರದ ಮರ್ಮವೇನು? ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದನ್ನು ಪಾಠದ ಪುಸ್ತಕಗಳು ಸಜೀವ ತಂತಿಯೆಂದೂ ವೈರಿಂಗ್ ಮಾಡುವವರು ಫೇಸ್ ಎಂದೂ ಕರೆಯುತ್ತಾರೆ. ಮತ್ತೊಂದು ತಟಸ್ಥ ತಂತಿ, ಅಂದರೆ ನ್ಯೂಟ್ರಲ್. ಪ್ರವಾಹವು ಒಂದರಿಂದ ಬಂದು, ದೀಪವನ್ನೋ ಪಂಪನ್ನೋ ನಡೆಯಿಸಿ, ಮತ್ತೊಂದರಿಂದ ಹಿಂದಿರುಗುತ್ತದೆ. ಎರಡರ ನಡುವಿನ ಒತ್ತಡ 230 ವೋಲ್ಟು. ಊರ ಹೊರಗಿನ ಟ್ರಾನ್ಸ್‌ಫಾರ್ಮರಿನ ಬಳಿ ಈ ತಟಸ್ಥ ತಂತಿಯನ್ನು ನೆಲದೊಳಗೆ ಹೂಳಿದ ಲೋಹಕ್ಕೆ ಜೋಡಿಸಿರುತ್ತಾರೆ. ಆದುದರಿಂದ ಸಜೀವ ತಂತಿಯನ್ನು ಮುಟ್ಟಿ ನೆಲದ ಮೇಲೆ ನಿಂತವನ ದೇಹವು ತಾನೇ ಮರಳುವ ಹಾದಿಯಾಗುತ್ತದೆ. ಪ್ರವಾಹವು ಅವನ ಕೈಯಿಂದ ಕಾಲಿಗಿಳಿದು, ಮಣ್ಣಿನಲ್ಲಿ ಹರಿದು, ಟ್ರಾನ್ಸ್‌ಫಾರ್ಮರನ್ನು ಸೇರುತ್ತದೆ. ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗದಿರುವುದು ಅದರ ಕಾಲು ನೆಲಕ್ಕೆ ತಾಗಿಲ್ಲವಾದ ಕಾರಣ.

ಎಷ್ಟು ಪ್ರವಾಹ ಹರಿದರೆ ಪ್ರಾಣ ಹೋದೀತು? ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲು ಹರಿದರೆ ಜುಮ್ಮೆನ್ನುತ್ತದೆ. ಹತ್ತು ಹದಿನೈದು ಪಾಲಾದರೆ ಕೈಯ ಸ್ನಾಯುಗಳು ಬಿಗಿದು, ಹಿಡಿದದ್ದನ್ನು ಬಿಡಲಾಗುವುದಿಲ್ಲ. ಮೂವತ್ತನ್ನು ದಾಟಿದರೆ ಉಸಿರಿಗೂ ಹೃದಯಕ್ಕೂ ಗಂಡಾಂತರ. ಒಣಗಿದ ಚರ್ಮವು ಪ್ರವಾಹವನ್ನು ಬಹಳವಾಗಿ ತಡೆಯುತ್ತದೆ. ಒದ್ದೆಯಾದರೆ ದೇಹದ ತಡೆಯು ಸುಮಾರು ಒಂದು ಸಾವಿರ ಓಮಿಗೆ ಇಳಿಯುತ್ತದೆ. 230ನ್ನು ಸಾವಿರದಿಂದ ಭಾಗಿಸಿ ನೋಡಿದರೆ, ಆ ಪಾಲುಗಳು ಇನ್ನೂರಮೂವತ್ತಾಗುವುದನ್ನು ಶಾಲೆಯ ಬಾಲಕನೂ ಕಾಣಬಲ್ಲನು.

“ಫ್ಯೂಸು ಇದೆಯಲ್ಲ, ಕಾಪಾಡುತ್ತದೆ” ಎಂದು ಅನೇಕ ಸುಶಿಕ್ಷಿತರೂ ನಂಬಿದ್ದಾರೆ. ಇದು ದೊಡ್ಡ ಭ್ರಾಂತಿ. ಐದು ಆಂಪಿಯರಿನ ಫ್ಯೂಸು ಕರಗಬೇಕಾದರೆ ಐದನ್ನು ಮೀರಿದ ಪ್ರವಾಹ ಬೇಕು. ಮನುಷ್ಯನನ್ನು ಕೊಲ್ಲಲು ಅದರ ನೂರೈವತ್ತರಲ್ಲೊಂದು ಪಾಲು ಸಾಕು. ಫ್ಯೂಸು ಕಾಯುವುದು ತಂತಿಯನ್ನು, ಮನೆಗೆ ಬೆಂಕಿ ಬೀಳದಂತೆ, ಮನುಷ್ಯನನ್ನಲ್ಲ. ಮೂರನೆಯ ತಂತಿಯೊಂದು ಜೊತೆಗೂಡಿದಾಗಲೇ ಅದು ಮನುಷ್ಯನ ಕಾವಲಿಗೂ ನಿಲ್ಲುತ್ತದೆ. ಈ ಹಸುರು ತಂತಿಯ ಒಂದು ತುದಿ ಪಂಪಿನ ಲೋಹದ ಮೈಗೆ, ಇನ್ನೊಂದು ತುದಿ ಹಿತ್ತಲಲ್ಲಿ ಹೂಳಿದ ಎಂಟಡಿಯ ಕಬ್ಬಿಣದ ಕೊಳವೆಗೆ. ಒಳಗಿನ ಸಜೀವ ತಂತಿಯ ಹೊದಿಕೆ ಸವೆದು ಲೋಹಕ್ಕೆ ತಾಗಿತೆನ್ನಿರಿ. ಈ ಹಾದಿಯ ಒಟ್ಟು ತಡೆ ಐದು ಓಮು ಆಗಿದ್ದರೆ ನಲವತ್ತಾರು ಆಂಪಿಯರು ಒಮ್ಮೆಲೇ ಹರಿದು ಫ್ಯೂಸು ತಕ್ಷಣ ಕರಗುತ್ತದೆ, ಪಂಪು ನಿಲ್ಲುತ್ತದೆ, ಮನೆಯವರು ಗೊಣಗುತ್ತ ಜೀವಂತವಾಗಿರುತ್ತಾರೆ.

ಆದರೆ ಗುಂಡಿ ಬೇಸಗೆಯಲ್ಲಿ ಒಣಗಿ, ತಡೆಯು ನೂರು ಓಮಿಗೆ ಏರಿತೆಂದರೆ ಹರಿಯುವುದು ಎರಡೂವರೆ ಆಂಪಿಯರಿಗೂ ಕಡಿಮೆ. ಫ್ಯೂಸು ಅಲುಗದು, ಪಂಪಿನ ಮೈಯಲ್ಲಿ ಸಾವು ಸುಮ್ಮನೆ ಕಾದು ಕುಳಿತಿರುತ್ತದೆ. ಗುಂಡಿಗೆ ಇದ್ದಿಲನ್ನೂ ಉಪ್ಪನ್ನೂ ತುಂಬಿ ಆಗಾಗ ನೀರು ಹೊಯ್ಯಬೇಕೆಂದು ಹಳೆಯ ಮೇಸ್ತ್ರಿಗಳು ಹೇಳುತ್ತಿದ್ದುದು ಮೂಢಾಚಾರವಲ್ಲ. ತೇವದ ಮಣ್ಣು ಪ್ರವಾಹಕ್ಕೆ ಹಾದಿಕೊಡುತ್ತದೆ. ಒಂದು ನೂರು ವಾಟ್ ಬಲ್ಬನ್ನು ಸಜೀವ ತಂತಿಗೂ ಭೂತಂತಿಗೂ ಹಚ್ಚಿ, ಅದು ಉರಿದರೆ “ಅರ್ಥ್ ಸರಿಯಿದೆ” ಎಂದು ಕೈತೊಳೆದುಕೊಳ್ಳುವವರಿದ್ದಾರೆ. ಅಂತಹ ಬಲ್ಬಿಗೆ ಅರ್ಧ ಆಂಪಿಯರೂ ಬೇಡ. ನೂರು ಓಮಿನ ಕೆಟ್ಟ ಗುಂಡಿಯಲ್ಲಿಯೂ ಅದು ಚೆನ್ನಾಗಿಯೇ ಬೆಳಗೀತು. ತಡೆಯನ್ನು ಅಳೆಯುವ ಉಪಕರಣವೇ ಬೇರೆ ಇದೆ, ಅದರಿಂದ ಅಳೆಯಿಸತಕ್ಕದ್ದು.

ಪ್ಲಗ್ಗಿನ ಮೇಲಣ ಕಡ್ಡಿಯು ಮಿಕ್ಕೆರಡಕ್ಕಿಂತ ಉದ್ದವೂ ದಪ್ಪವೂ ಆಗಿರುವುದನ್ನು ವಾಚಕರು ನೋಡಿರಬಹುದು. ಉದ್ದ ಏಕೆಂದರೆ ಒಳಹೋಗುವಾಗ ಅದೇ ಮೊದಲು ತಾಗಬೇಕು, ಹೊರಬರುವಾಗ ಅದೇ ಕಡೆಗೆ ಬಿಡಬೇಕು. ದಪ್ಪ ಏಕೆಂದರೆ ತಪ್ಪಿಯೂ ಬೇರೆ ರಂಧ್ರದೊಳಗೆ ಹೋಗಕೂಡದು. ಇಷ್ಟು ಆಲೋಚಿಸಿ ಮಾಡಿದ ಕಡ್ಡಿಯನ್ನು ನಮ್ಮವರು ಕಿತ್ತೆಸೆದು, ಎರಡು ರಂಧ್ರಗಳ ಸಾಕೆಟ್ಟಿಗೆ ತುರುಕುವುದನ್ನು ಕಣ್ಣಾರೆ ಕಂಡಿದ್ದೇವೆ. ಒಂದು ಚೌಕದೊಳಗೆ ಇನ್ನೊಂದು ಚೌಕದ ಗುರುತುಳ್ಳ ಉಪಕರಣಗಳಿಗೆ ಮಾತ್ರ ಎರಡು ಕಡ್ಡಿ ಸಾಕು, ಅವುಗಳಿಗೆ ಎರಡು ಪದರಿನ ರಕ್ಷಣೆಯಿರುವುದರಿಂದ. ಇದಕ್ಕಿಂತಲೂ ಘೋರವಾದುದು ಗುಂಡಿ ತೋಡುವ ಖರ್ಚನ್ನು ಉಳಿಸಲು ಸಾಕೆಟ್ಟಿನೊಳಗೆ ತಟಸ್ಥ ತಂತಿಯನ್ನೇ ಮೂರನೆಯ ರಂಧ್ರಕ್ಕೆ ಕಟ್ಟಿಬಿಡುವ ಚಾಳಿ. ಹಿಂದೆ ಎಲ್ಲಿಯಾದರೂ ಆ ತಟಸ್ಥ ತಂತಿ ಕಡಿದುಹೋದರೆ ಉಪಕರಣದ ಮೈಗೇ ಪೂರ್ಣ 230 ವೋಲ್ಟು ಬರುತ್ತದೆ. ಕಾವಲುಗಾರನ ಕೈಯಿಂದಲೇ ಕೊಲೆ!

ಈಚೆಗೆ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚೊಂದು ಪೇಟೆಯಲ್ಲಿ ದೊರೆಯುತ್ತದೆ. ಹೋದ ಪ್ರವಾಹವೆಷ್ಟು, ಮರಳಿದ್ದೆಷ್ಟು ಎಂದು ಶಾನುಭೋಗನಂತೆ ತಾಳೆ ನೋಡುವುದಷ್ಟೇ ಅದರ ಉದ್ಯೋಗ. ಲೆಕ್ಕದಲ್ಲಿ ಆಂಪಿಯರಿನ ಸಾವಿರದಲ್ಲಿ ಮೂವತ್ತು ಪಾಲು ಕೊರತೆ ಬಿದ್ದರೆ, ಅದು ಯಾರದೋ ದೇಹದಿಂದ ಸೋರುತ್ತಿರಬಹುದೆಂದು ತಿಳಿದು ಕಣ್ಣು ಮಿಟುಕಿಸುವುದರೊಳಗೆ ಕಡಿದುಹಾಕುತ್ತದೆ. ಆದರೆ ಇದನ್ನು ಹಾಕಿಸಿದ್ದೇವೆಂದು ಗುಂಡಿಯನ್ನು ಮರೆಯತಕ್ಕದ್ದಲ್ಲ. ಯಂತ್ರವೂ ಒಂದು ದಿನ ಕೆಟ್ಟೀತು.

ಇನ್ನು ನಮ್ಮ ಮುಖ್ಯ ಮಾತು. ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ತೊಂಬತ್ತು ಮೈಲಿಗೂ ಮೇಲ್ಪಟ್ಟ ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಶಕ್ತಿಯಲ್ಲಿ ಕನ್ನಡ ನಾಡು ಹಿಂದೆ ಬೀಳಲಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಷ್ಟು ಹಿಂದೆಯೇ “ವಿಜ್ಞಾನ”ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬಹುದೆಂಬುದನ್ನು ತೋರಿಸಿಕೊಟ್ಟರು. ಆದರೂ ಆ ವೃದ್ಧರು ಕೊಂಡ ಪಂಪಿನ ಪೆಟ್ಟಿಗೆಯಲ್ಲಿ ಇದ್ದ ಎಚ್ಚರಿಕೆಯ ಕಾಗದ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಇತ್ತು. ಸತ್ತವನು ಏಳನೆಯ ತರಗತಿಯವರೆಗೆ ಕನ್ನಡ ಓದಿದ್ದನು. ಪಾಠದ ಪುಸ್ತಕದಲ್ಲಿ “ಭೂಸಂಪರ್ಕ”ವೆಂದು ಉರುಹೊಡೆದ ಹುಡುಗನಿಗೆ ಅಂಗಡಿಯಲ್ಲಿ ಕೇಳಿಬರುವ “ಅರ್ಥಿಂಗ್” ಅದೇ ವಸ್ತುವೆಂದು ಹೇಳಿಕೊಡುವವರು ಯಾರು? ನಮ್ಮಲ್ಲಿ ಆ ಅರ್ಥಕ್ಕೆ ಅರ್ಥವೇ ಇಲ್ಲದಂತಾಗಿದೆ. ಕರ್ನಾಟಕದಲ್ಲಿ ಮಾರಾಟವಾಗುವ ಪ್ರತಿಯೊಂದು ವಿದ್ಯುದುಪಕರಣದೊಳಗೂ ಕನ್ನಡದ ಎಚ್ಚರಿಕೆಯಿರಬೇಕೆಂದು ಸರಕಾರವು ಕಡ್ಡಾಯಮಾಡಲಿ. ಮೀಟರು ಕೂಡಿಸುವಾಗ ಗುಂಡಿಯ ತಡೆಯನ್ನಳೆದು, ಆ ಅಂಕೆಯನ್ನು ಮನೆಯವನ ಕೈಗೆ ಕನ್ನಡದಲ್ಲಿ ಬರೆದುಕೊಡಲಿ. ಇವೆರಡಕ್ಕೂ ದೊಡ್ಡ ಹಣ ಬೇಡ. ಭಾಷಾಭಿಮಾನವೆಂದರೆ ನಾಮಫಲಕದ ಜಗಳವಷ್ಟೇ ಎಂದು ತಿಳಿದಿರುವ ನಮ್ಮ ಮಿತ್ರರೂ ಇದರತ್ತ ಸ್ವಲ್ಪ ತಿರುಗಿ ನೋಡಬಹುದು.

ಉಪಾಧ್ಯಾಯ ಮಹಾಶಯರಲ್ಲಿ ಒಂದು ಬಿನ್ನಹ. ವಿದ್ಯುತ್ತಿನ ಪಾಠ ಬಂದ ದಿನ ಒಂದು ಹಳೆಯ ಮೂರು ಕಡ್ಡಿಯ ಪ್ಲಗ್ಗನ್ನು ತರಗತಿಗೆ ತಂದು, ಬಿಚ್ಚಿ, ಹಸುರು ತಂತಿ ಎಲ್ಲಿಗೆ ಹೋಗುತ್ತದೆಂದು ಮಕ್ಕಳಿಗೆ ತೋರಿಸಿರಿ. ಮನೆಯ ಗುಂಡಿ ಎಲ್ಲಿದೆಯೆಂದು ತಂದೆಯನ್ನು ಕೇಳಿಕೊಂಡು ಬರಲು ಹೇಳಿರಿ. ಇದೆಯೋ ಇಲ್ಲವೋ ಎಂಬುದು ಅಂದು ಸಂಜೆಯೇ ಬಯಲಾಗುತ್ತದೆ. ಗೋಡೆಯ ಸಾಕೆಟ್ಟನ್ನು ಬಿಚ್ಚುವ ಕೆಲಸವನ್ನು ಮಾತ್ರ ಬಲ್ಲವನಿಗೆ ಬಿಡತಕ್ಕದ್ದು. ಮಕ್ಕಳ ಕೈಗೆ ಟೆಸ್ಟರು ಕೊಡಬೇಡಿರಿ.