ಏಳು ಮಂದಿ ಅಂಕಣದಲ್ಲಿ, ಉಳಿದವರು ಮರದಡಿ

ಭದ್ರಾವತಿಯಲ್ಲಿ ಶಾಲಾ ಕ್ರೀಡಾಕೂಟ ಉದ್ಘಾಟಿಸಲು ಬಂದವರು ಯಾರೇ ಆಗಲಿ, ಗುಂಡಪ್ಪ ವಿಶ್ವನಾಥ್ ಹೆಸರೆತ್ತದೆ ಮೈಕು ಬಿಟ್ಟುಕೊಡುವುದಿಲ್ಲ. ಎತ್ತಲಿ, ತಪ್ಪೇನಿಲ್ಲ. 1949ರಲ್ಲಿ ಈ ಊರಿನಲ್ಲಿ ಹುಟ್ಟಿದ ಹುಡುಗ ಇಪ್ಪತ್ತು ವರ್ಷಕ್ಕೆ ಕಾನ್ಪುರದಲ್ಲಿ ತನ್ನ ಮೊದಲ ಟೆಸ್ಟ್ ಆಡಿ, ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137 ಮಾಡಿದ ಕತೆ ಮಕ್ಕಳ ಕಿವಿಗೆ ಬೀಳಬೇಕಾದದ್ದೇ. 1980ರ ಮುಂಬೈ ಟೆಸ್ಟಿನಲ್ಲಿ, ಅಂಪೈರು ಔಟ್ ಕೊಟ್ಟ ಬಾಬ್ ಟೇಲರ್‌ನನ್ನು ಭಾರತದ ನಾಯಕನಾಗಿದ್ದ ಇದೇ ವಿಶ್ವನಾಥ್ ವಾಪಸು ಕರೆದು ಆಡಿಸಿದ್ದು, ಆ ಪಂದ್ಯವನ್ನು ಭಾರತ ಸೋತದ್ದು ಇನ್ನೂ ಒಳ್ಳೆಯ ಕತೆ. ಅದನ್ನು ಮಾತ್ರ ಹೇಳುವವರು ಕಡಿಮೆ. ‘ನಿಮ್ಮಲ್ಲೂ ಒಬ್ಬ ವಿಶ್ವನಾಥ್ ಇದ್ದಾನೆ’ ಎಂದು ಮುಗಿಸಿ ಚಪ್ಪಾಳೆ ಗಿಟ್ಟಿಸುವುದೇ ರೂಢಿ. ಇದ್ದಾನೆಂದೇ ಇಟ್ಟುಕೊಳ್ಳೋಣ. ಐವತ್ತು ಮಕ್ಕಳ ತರಗತಿಯಲ್ಲಿ ಮಿಕ್ಕ ನಲವತ್ತೊಂಬತ್ತು ಮಂದಿ ಪಿ.ಟಿ. ಪೀರಿಯಡ್ಡಿನಲ್ಲಿ ಏನು ಮಾಡಬೇಕು?

ಈಗ ಏನು ಮಾಡುತ್ತಾರೆ ಎಂಬುದು ಶಿವಮೊಗ್ಗದ ಯಾವ ಶಾಲೆಯ ಕಾಂಪೌಂಡಿನಿಂದ ಇಣುಕಿದರೂ ಗೊತ್ತಾಗುತ್ತದೆ. ಜೂನಿನಲ್ಲಿ ಶಾಲೆ ಶುರು. ಮಳೆ ಹಿಡಿಯುವ ಹೊತ್ತಿಗೆ ವಲಯ ಮಟ್ಟದ ಕ್ರೀಡಾಕೂಟದ ಸುತ್ತೋಲೆ ಬರುತ್ತದೆ. ಪಿ.ಟಿ. ಮೇಷ್ಟ್ರು ತರಾತುರಿಯಲ್ಲಿ ಕಬಡ್ಡಿಗೆ, ಖೊಖೊಗೆ, ವಾಲಿಬಾಲಿಗೆ ತಂಡ ಆರಿಸುತ್ತಾರೆ. ಆಯ್ಕೆಯಾದವರು ಅಂಕಣಕ್ಕೆ, ಉಳಿದವರು ಮರದಡಿಗೆ. ಆಮೇಲೆ ಆಗಸ್ಟ್ ಹದಿನೈದರ ಸಾಮೂಹಿಕ ಕವಾಯತು, ದಸರಾ ರಜೆ. ಸಂಕ್ರಾಂತಿ ಕಳೆದರೆ ಎಸ್ಸೆಸ್ಸೆಲ್ಸಿಯವರ ಆಟದ ಪೀರಿಯಡ್ಡು ಗಣಿತದ ಪಾಲು. ಇಷ್ಟಕ್ಕೆ ಮೇಷ್ಟ್ರನ್ನು ದೂರುವುದು ನ್ಯಾಯವಲ್ಲ. ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವಿಗೆ ಸೇರುವುದು ಗೆದ್ದ ಷೀಲ್ಡು. ಇಡೀ ತರಗತಿಗೆ ಚೆಂಡು ಹಿಡಿಯುವುದನ್ನು ಕಲಿಸಿದ ಮೇಷ್ಟ್ರಿಗೆ ಯಾವ ತಾಲೂಕೂ ಷೀಲ್ಡು ಕೊಟ್ಟಿಲ್ಲ.

ನನ್ನ ತಕರಾರು ಸರಳವಾದದ್ದು. ಒಂದೇ ಆಟ ಆಡಿಸುವ ತರಗತಿಯಲ್ಲಿ ಯಾರು ಮೇಲು, ಯಾರು ಕೆಳಗು ಎಂಬುದು ಮೊದಲ ವಾರವೇ ತೀರ್ಮಾನವಾಗಿ ಹತ್ತನೆಯ ತರಗತಿಯವರೆಗೂ ಹಾಗೇ ಉಳಿದುಬಿಡುತ್ತದೆ. ಆಟ ಬದಲಿಸಿ ನೋಡಿ, ಆ ಶ್ರೇಣಿ ಕದಡುತ್ತದೆ. ಕಬಡ್ಡಿಯಲ್ಲಿ ತೊಡೆ ತಟ್ಟಿ ಮೂವತ್ತು ಸೆಕೆಂಡು ಎದುರಾಳಿಗಳನ್ನು ನಡುಗಿಸುವ ಹುಡುಗನಿಗೆ ಬಾಲ್ ಬ್ಯಾಡ್ಮಿಂಟನ್ ರ‍್ಯಾಕೆಟ್ ಕೊಡಿ. ಹಳದಿ ಉಲ್ಲನ್ ಚೆಂಡು ಅವನ ಸೊಂಟದ ಪಕ್ಕದಲ್ಲೇ ಹಾದುಹೋಗುತ್ತದೆ. ಅದೇ ಚೆಂಡನ್ನು, ಇಲ್ಲಿಯವರೆಗೆ ಯಾವ ತಂಡಕ್ಕೂ ಬೇಡವಾಗಿದ್ದ ಸಪೂರ ಹುಡುಗಿಯೊಬ್ಬಳು ಮಣಿಕಟ್ಟು ತಿರುಗಿಸಿ ಮೂಲೆಗೆ ಕಳಿಸುತ್ತಾಳೆ. ಈ ಐದೈದು ಜನರ ಆಟ ದಕ್ಷಿಣ ಭಾರತದ ಬಯಲಿನದು. ಷಟಲ್ ಹಾಗೆ ಇದಕ್ಕೆ ಒಳಾಂಗಣ ಬೇಕಿಲ್ಲ. ನಮ್ಮ ಶಾಲೆಗಳಲ್ಲಿ ಅದು ಅಪರೂಪವಾಗುತ್ತಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಖೊಖೊ ಇನ್ನೂ ಕುತೂಹಲದ್ದು. ಎಂಟು ಜನ ಒಂದೇ ಸಾಲಿನಲ್ಲಿ, ಒಬ್ಬ ಪೂರ್ವಕ್ಕೆ ಒಬ್ಬ ಪಶ್ಚಿಮಕ್ಕೆ ಮುಖ ಮಾಡಿ ಕೂತಿರುತ್ತಾರೆ. ಒಂಬತ್ತನೆಯವನು ಅಟ್ಟಿಸಿಕೊಂಡು ಹೋಗುತ್ತಾನೆ. ತಪ್ಪಿಸಿಕೊಳ್ಳುವವನು ಸಾಲಿನ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಅಟ್ಟುವವನು ನಡುಗೆರೆ ದಾಟುವಂತಿಲ್ಲ, ಕಂಬ ಮುಟ್ಟದೆ ದಿಕ್ಕು ಬದಲಿಸುವಂತಿಲ್ಲ. ನಿಯಮವೇ ಹೀಗಿರುವಾಗ ಬರೀ ಓಟದಿಂದ ಏನೂ ಗಿಟ್ಟದು. ಓಡುವವನು ಯಾವ ಕಡೆ ಹೊರಳುತ್ತಾನೆಂದು ಅರ್ಧ ಹೆಜ್ಜೆ ಮೊದಲೇ ಊಹಿಸಿ, ಸರಿಯಾದ ಬೆನ್ನಿಗೆ ಖೋ ಕೊಡಬೇಕು. ನೂರು ಮೀಟರ್ ಓಟದಲ್ಲಿ ಕೊನೆಗೆ ಬರುವ ಹುಡುಗ ಇಲ್ಲಿ ತಂಡದ ಮಿದುಳಾಗಿಬಿಡಬಹುದು. ಆದರೆ ಅವನನ್ನು ಒಮ್ಮೆಯಾದರೂ ಆ ಸಾಲಿನಲ್ಲಿ ಕೂರಿಸಿದ್ದರೆ ತಾನೆ ಅದು ಅವನಿಗೂ ಮೇಷ್ಟ್ರಿಗೂ ತಿಳಿಯುವುದು?

ಹುಡುಗರಿಗೆ ವಾಲಿಬಾಲ್, ಹುಡುಗಿಯರಿಗೆ ಥ್ರೋಬಾಲ್ ಎಂಬ ವಾಡಿಕೆಯ ಬಗ್ಗೆಯೂ ಒಂದು ಮಾತು. ವಾಲಿಬಾಲಿನಲ್ಲಿ ಚೆಂಡು ಕೈಯಲ್ಲಿ ನಿಲ್ಲುವಂತಿಲ್ಲ. ಹೊಸಬರು ಆಡಿದರೆ ಸರ್ವಿಸ್ಸೇ ನೆಟ್ ದಾಟದೆ, ದಾಟಿದರೂ ಮೊದಲ ಹೊಡೆತಕ್ಕೇ ಚೆಂಡು ರಸ್ತೆ ಪಾಲಾಗಿ, ಅರ್ಧ ಪೀರಿಯಡ್ಡು ಹೆಕ್ಕುವುದರಲ್ಲೇ ಕಳೆಯುತ್ತದೆ. ಥ್ರೋಬಾಲಿನಲ್ಲಿ ಎರಡೂ ಕೈಯಲ್ಲಿ ಹಿಡಿದು, ಮೂರು ಸೆಕೆಂಡಿನೊಳಗೆ ಒಂದು ಕೈಯಲ್ಲಿ ಎಸೆಯಬೇಕು. ಆ ಮೂರು ಸೆಕೆಂಡಿನಲ್ಲಿ ಕಲಿಯುವವರಿಗೆ ಎದುರಿನ ಖಾಲಿ ಜಾಗ ಕಾಣುತ್ತದೆ. ಆರನೆಯ ತರಗತಿಯ ಗಂಡುಹುಡುಗರಿಗೂ ಅಷ್ಟೇ ಒದಗುವ ಪಾಠ ಇದು. ಅದನ್ನು ಹೆಂಗಸರ ಆಟವೆಂದು ಬದಿಗಿಟ್ಟು ಕಳಕೊಂಡವರು ಗಂಡಸರೇ.

ಈ ಆಟಗಳು ಶಾಲೆಗೆ ಬಂದ ದಾರಿಯನ್ನು ಹಿಡಿದು ಹೊರಟರೆ ಕೊನೆಗೆ ಸಿಗುವವನೂ ಒಬ್ಬ ಪಿ.ಟಿ. ಮೇಷ್ಟ್ರೇ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಹೊರಗೆ ಚಳಿ, ಒಳಗೆ ಕವಾಯತಿಗೆ ರೋಸಿಹೋದ ಹದಿನೆಂಟು ವಿದ್ಯಾರ್ಥಿಗಳು. ಅವರನ್ನು ಸುಮ್ಮನಾಗಿಸುವ ಹೊಸ ಆಟವೊಂದನ್ನು ಎರಡು ವಾರದೊಳಗೆ ಹುಡುಕು ಎಂದು ಮೇಲಿನವರು ಜೇಮ್ಸ್ ನೈಸ್ಮಿತ್‌ಗೆ ಹೇಳಿದ್ದರು. ಅವನು ಪೀಚ್ ಹಣ್ಣಿನ ಎರಡು ಬುಟ್ಟಿ ಮೇಲಕ್ಕೆ ಕಟ್ಟಿಸಿ, ಹದಿಮೂರು ನಿಯಮ ಬರೆದು ಗೋಡೆಗೆ ಹಚ್ಚಿದ. ಬ್ಯಾಸ್ಕೆಟ್‌ಬಾಲ್ ಹುಟ್ಟಿತು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ. ದಕ್ಷಿಣದ ಹಳೆಯ ತಲೆಮಾರಿನ ಎಷ್ಟೋ ಮೇಷ್ಟ್ರು ತಯಾರಾದದ್ದು ಅಲ್ಲಿಯೇ. ಸ್ಪ್ರಿಂಗ್‌ಫೀಲ್ಡಿನ ಚಳಿಗೆ ನಮ್ಮಲ್ಲಿ ಸಮನಾದದ್ದು ಜುಲೈ ತಿಂಗಳ ಜಡಿಮಳೆ. ಆ ದಿನಗಳಲ್ಲಿ ಮಕ್ಕಳನ್ನು ಕೋಣೆಯಲ್ಲಿ ಕೂರಿಸಿ ಅಂಕಣದ ಅಳತೆಗಳನ್ನು ನೋಟ್ಸ್ ಬರೆಸುವುದಕ್ಕಿಂತ, ಜಗಲಿಯಲ್ಲಿ ಲೇಝಿಮ್, ಮೂಲೆಯಲ್ಲಿ ಕೇರಂ, ಚೆನ್ನೆಮಣೆ ಹೂಡಬಹುದು. ಗದ್ದೆಯಲ್ಲಿ ಕೆಸರಾಟ ಆಡುವ ಸೀಮೆಯವರಿಗೆ ಮಳೆಯ ನೆಪ ಅಷ್ಟೇನೂ ಒಪ್ಪುವುದಿಲ್ಲ, ಬಿಡಿ.

ಇದೆಲ್ಲ ಕಲಿಸಲು ಆಳು ಬೇಕು. ಆರರಿಂದ ಎಂಟನೆಯ ತರಗತಿಯ ಶಾಲೆಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಾದರೂ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಅಂದರೆ ನೂರು ಮಕ್ಕಳ ಕೆಳಗಿನ ಮಲೆನಾಡಿನ ಸಣ್ಣ ಶಾಲೆ ಲೆಕ್ಕಕ್ಕೇ ಇಲ್ಲ! ದೈಹಿಕ ಶಿಕ್ಷಣದ ಕುರಿತ ಪ್ರೊ. ಎಲ್.ಆರ್. ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ರಾಜ್ಯದ ದೈಹಿಕ ಶಿಕ್ಷಕರು ಮನವಿ ಕೊಡುತ್ತಲೇ ಬಂದಿದ್ದಾರೆ.

ಒಂದೇ ಆಟಕ್ಕೆ ಬಿದ್ದವರೇ ತಾನೆ ಗೆಲ್ಲುವುದು ಎಂದು ಕೇಳುವವರಿದ್ದಾರೆ. ನಿಜ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿದ್ದ ಟಿ. ನರಸೀಪುರ ತಾಲೂಕಿನ ಕುರುಬೂರಿನ ಚೈತ್ರಾ ಹದಿನಾರು ಆಟ ಆಡಿ ಅಲ್ಲಿಗೆ ಮುಟ್ಟಿದವರಲ್ಲ. ಎಂಟನೆಯ ತರಗತಿ ದಾಟಿದ ಮೇಲೆ, ತನಗೆ ಯಾವುದು ಒಗ್ಗುತ್ತದೆಂದು ತಿಳಿದ ಮಗು ಅದರ ಬೆನ್ನು ಹತ್ತಲಿ. ಅಲ್ಲಿಯವರೆಗೆ ಎಲ್ಲರಿಗೂ ಎಲ್ಲವೂ ಸಿಗಲಿ. ಅದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಪ್ರಾಥಮಿಕ ಶಾಲೆಗಳ ಕ್ರೀಡಾಕೂಟವನ್ನು ಮಳೆಗಾಲದಿಂದ ಡಿಸೆಂಬರಿಗೆ ತಳ್ಳಿದರೆ ಸಾಕು. ಮೇಷ್ಟ್ರಿಗೆ ತಂಡ ಆರಿಸುವ ಮುನ್ನ ಆರು ತಿಂಗಳು ಸಿಗುತ್ತದೆ, ಎಳೆದ ಸುಣ್ಣದ ಗೆರೆಯೂ ಮಳೆಗೆ ತೊಳೆದುಹೋಗದೆ ಉಳಿಯುತ್ತದೆ. ಜಿಲ್ಲೆಯೊಂದೇ ಇದನ್ನು ಮಾಡುವಂತಿಲ್ಲ, ವೇಳಾಪಟ್ಟಿ ರಾಜ್ಯದ್ದು. ಅದನ್ನು ಸಿದ್ಧಪಡಿಸುವವರು ಒಂದು ಆಗಸ್ಟಿನಲ್ಲಿ ತೀರ್ಥಹಳ್ಳಿಗೋ ಹೊಸನಗರಕ್ಕೋ ಬಂದು, ಕೊಡೆ ಹಿಡಿದು, ಒಂದು ಕಬಡ್ಡಿ ಪಂದ್ಯ ಪೂರ್ತಿ ನೋಡಿ ಹೋಗಲಿ.